ತಪಾಸಣೆ ಆಯಿತು, ಮುಂದೇನು? ಶಾಲೆಯಲ್ಲಿ ಹೆಚ್ಚಿನ ಆರೈಕೆ ಬೇಕಾದ ಮಕ್ಕಳಿಗೆ ನೆರವು ತಲುಪಿಸುವ ಬಗೆ

ವಿಶಾಖಪಟ್ಟಣದ ಸಿಂಹಾಚಲಂ ಭಾಗದ ಸರ್ಕಾರಿ ಶಾಲೆಯೊಂದರಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಮೂರನೇ ತರಗತಿ ಓದುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಅಪ್ಪ-ಅಮ್ಮ ಕಟ್ಟಡ ಕೆಲಸಕ್ಕೆಂದು ರಾಯಚೂರು ಕಡೆಯಿಂದ ಬಂದವರು. ಮನೆಮಾತು ಕನ್ನಡ, ಪಾಠ ತೆಲುಗಿನಲ್ಲಿ. ಹಿಂದಿನಿಂದ ಕರೆದರೆ ಅವಳು ತಿರುಗುವುದಿಲ್ಲ. ಪ್ರಶ್ನೆ ಕೇಳಿದರೆ ಸುಮ್ಮನೆ ನಿಲ್ಲುತ್ತಾಳೆ. ಭಾಷೆ ಬಾರದ್ದಕ್ಕೆ ಹೀಗೆ, ನಿಧಾನವಾಗಿ ಸರಿಹೋಗುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾಗಿ ಅವಳ ಎರಡೂ ಕಿವಿ ತಿಂಗಳುಗಟ್ಟಲೆಯಿಂದ ಸೋರುತ್ತಿವೆ.

ಆರೋಗ್ಯ ತಂಡ ಶಾಲೆಗೆ ಬಂದಾಗ ಅದು ಪತ್ತೆಯಾಗುತ್ತದೆ. ದೊಡ್ಡಾಸ್ಪತ್ರೆಗೆ ಹೋಗಲು ಚೀಟಿ ಬರೆದುಕೊಡುತ್ತಾರೆ. ತೆಲುಗಿನ ಆ ಚೀಟಿ ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ. ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಚೀಟಿ ಶಾಲಾ ಚೀಲದಲ್ಲೇ ಉಳಿಯುತ್ತದೆ. ದಾಖಲೆಯಲ್ಲಿ ಮಾತ್ರ ಮಗುವಿನ ತಪಾಸಣೆ ಆಗಿದೆ.

ಇದು ಕಲ್ಪಿತ ಉದಾಹರಣೆ. ಆದರೆ ಶಾಲಾ ಮಕ್ಕಳ ನೆರವು ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ಇದು ತೋರಿಸುತ್ತದೆ. ತಪಾಸಣೆ ಮೊದಲ ಹೆಜ್ಜೆ ಮಾತ್ರ. ಚಿಕಿತ್ಸೆ ಮುಗಿದು ಮಗು ಪಾಠಕ್ಕೆ ಮರಳುವವರೆಗೂ ಯಾರಾದರೊಬ್ಬರು ಜೊತೆಗಿರಬೇಕು.

ಯಾವ ಮಕ್ಕಳಿಗೆ ಹೆಚ್ಚಿನ ಗಮನ ಬೇಕು?

- ಅಂಗವಿಕಲತೆ ಅಥವಾ ಬೆಳವಣಿಗೆಯಲ್ಲಿ ವಿಳಂಬ ಇರುವವರು
- ರಕ್ತಹೀನತೆ, ಅಪೌಷ್ಟಿಕತೆ ಅಥವಾ ದೀರ್ಘಕಾಲದ ಕಾಯಿಲೆ ಇರುವವರು
- ತಂದೆ-ತಾಯಿಯನ್ನು ಕಳೆದುಕೊಂಡವರು, ಅಜ್ಜ-ಅಜ್ಜಿ ಅಥವಾ ಸಂಬಂಧಿಕರ ಆಶ್ರಯದಲ್ಲಿರುವವರು
- ವಲಸೆ ಕುಟುಂಬದವರು, ಮನೆಮಾತು ಬೇರೆಯಾದವರು
- ಹಿಂಸೆ, ದೌರ್ಜನ್ಯ ಅಥವಾ ಅವಘಡ ಕಂಡವರು

ಈ ಪಟ್ಟಿ ಸ್ಥಿರವಲ್ಲ. 2020ರ ಮೇ 7ರ ನಸುಕಿನಲ್ಲಿ ಸಿಂಹಾಚಲಂಗೆ ಹತ್ತಿರದ ಆರ್.ಆರ್. ವೆಂಕಟಾಪುರದ ಎಲ್.ಜಿ. ಪಾಲಿಮರ್ಸ್ ಘಟಕದಿಂದ ಸ್ಟೈರೀನ್ ಅನಿಲ ಸೋರಿ 12 ಮಂದಿ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಆಗ ಲಾಕ್‌ಡೌನ್‌ನಿಂದಾಗಿ ಶಾಲೆಗಳೂ ಮುಚ್ಚಿದ್ದವು. ಇಂಥ ಘಟನೆಯ ಮರುದಿನ, ನಿನ್ನೆಯವರೆಗೆ ಚೆನ್ನಾಗಿದ್ದ ಮಗುವೂ ಈ ಪಟ್ಟಿಗೆ ಬರುತ್ತದೆ. ಕೆಮ್ಮು, ಕಣ್ಣುರಿ ಹೋದ ಮೇಲೂ ನಿದ್ದೆಗೇಡು, ಭಯ, ಒಂಟಿಯಾಗಿರಲು ಹೆದರಿಕೆ ಉಳಿಯಬಹುದು. ಅದು ಮೊದಲು ಕಾಣುವುದು ದಿನವೂ ಮಗುವನ್ನು ನೋಡುವ ಶಿಕ್ಷಕರಿಗೆ.

ಯಾವ ಕಾರ್ಯಕ್ರಮ ಏನು ಕೊಡುತ್ತದೆ?

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ: 2013ರಲ್ಲಿ ಆರಂಭವಾಯಿತು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಜನ್ಮಜಾತ ದೋಷ, ಪೋಷಕಾಂಶಗಳ ಕೊರತೆ, ಕಾಯಿಲೆ ಮತ್ತು ಬೆಳವಣಿಗೆಯ ವಿಳಂಬವನ್ನು ಗುರುತಿಸುವುದು ಇದರ ಕೆಲಸ. ಮಾರ್ಗಸೂಚಿಯ ಪ್ರಕಾರ ಸಂಚಾರಿ ತಂಡವು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ವರ್ಷಕ್ಕೆ ಒಂದು ಸಲ ಬರಬೇಕು. ಹೆಚ್ಚಿನ ಪರೀಕ್ಷೆ ಬೇಕಾದವರನ್ನು ಡಿಇಐಸಿ ಎಂದು ಕರೆಯುವ ಜಿಲ್ಲಾ ಕೇಂದ್ರಕ್ಕೆ ಅಥವಾ ಆಸ್ಪತ್ರೆಗೆ ಕಳುಹಿಸುತ್ತಾರೆ. ಈ ಕಾರ್ಯಕ್ರಮದಡಿ ಚಿಕಿತ್ಸೆ ಉಚಿತ.

ಸಮಗ್ರ ಶಿಕ್ಷಾ: ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಸಂಪನ್ಮೂಲ ಶಿಕ್ಷಕರು, ಸಾಧನ-ಸಲಕರಣೆ ಮತ್ತು ಶಾಲೆಗೆ ಬರಲಾಗದವರಿಗೆ ಮನೆಯಲ್ಲೇ ಪಾಠ. ಆಂಧ್ರಪ್ರದೇಶದಲ್ಲಿ ಇದಕ್ಕಾಗಿ 'ಭವಿತ' ಕೇಂದ್ರಗಳಿವೆ. ಕರ್ನಾಟಕದಲ್ಲಿ ತಾಲ್ಲೂಕಿನ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು ಕೇಳಬೇಕು.

ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮ: 2020ರಲ್ಲಿ ಆಯುಷ್ಮಾನ್ ಭಾರತದಡಿ ಆರಂಭವಾಯಿತು. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರಿಗೆ, ಸಾಧ್ಯವಾದರೆ ಒಬ್ಬ ಪುರುಷ ಮತ್ತು ಒಬ್ಬ ಮಹಿಳೆಗೆ, ತರಬೇತಿ ಕೊಟ್ಟು ಆರೋಗ್ಯದ ಹೊಣೆ ವಹಿಸುತ್ತಾರೆ.

ಮಿಷನ್ ವಾತ್ಸಲ್ಯ: ಆಸರೆ ತಪ್ಪಿದ ಮಕ್ಕಳಿಗಾಗಿ. ಅರ್ಹ ಮಗುವಿಗೆ ಪ್ರಾಯೋಜಕತ್ವದಡಿ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಹೋಗುತ್ತದೆ.

ಇವುಗಳ ಜೊತೆಗೆ ಮಧ್ಯಾಹ್ನದ ಬಿಸಿಯೂಟ, ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ಮತ್ತು ಜಂತುಹುಳುವಿನ ಮಾತ್ರೆಯೂ ಶಾಲೆಯಲ್ಲೇ ಸಿಗುತ್ತವೆ.

ನೆರವು ಎಲ್ಲಿ ನಿಂತುಹೋಗುತ್ತದೆ?

ಮೇಲಿನ ಯೋಜನೆಗಳು ಬೇರೆ ಬೇರೆ ಇಲಾಖೆಗಳವು. ಆರೋಗ್ಯ ತಂಡದ ಪಟ್ಟಿ ಆರೋಗ್ಯ ಇಲಾಖೆಗೆ ಹೋಗುತ್ತದೆ. ವಿಶೇಷ ಅಗತ್ಯವುಳ್ಳ ಮಕ್ಕಳ ಪಟ್ಟಿ ಶಿಕ್ಷಣ ಇಲಾಖೆಯಲ್ಲಿರುತ್ತದೆ. ಆಸರೆ ತಪ್ಪಿದ ಮಕ್ಕಳ ಪಟ್ಟಿ ಮಹಿಳಾ ಮತ್ತು ಮಕ್ಕಳ ಇಲಾಖೆಯಲ್ಲಿ. ಒಂದೇ ಮಗು ಮೂರೂ ಪಟ್ಟಿಯಲ್ಲಿದ್ದರೂ ಮೂವರು ಅಧಿಕಾರಿಗಳಿಗೆ ಪರಸ್ಪರ ಗೊತ್ತಾಗದಿರಬಹುದು. ಮೂರೂ ಪಟ್ಟಿ ಒಂದೆಡೆ ಸೇರಲು ಸಾಧ್ಯವಿರುವ ಸ್ಥಳ ಶಾಲೆ.

ಒಂದು ಮಗುವಿಗೆ ಒಬ್ಬ ಹೊಣೆಗಾರ

ಇದಕ್ಕೆ ಹೊಸ ಯೋಜನೆ ಬೇಕಿಲ್ಲ. ಪ್ರತಿ ಮಗುವಿಗೂ ಒಬ್ಬ ಶಿಕ್ಷಕರನ್ನು ಗೊತ್ತುಮಾಡಿ, ಒಂದು ಪುಟದ ದಾಖಲೆ ಇಟ್ಟರೆ ಸಾಕು. ಆ ಪುಟದಲ್ಲಿ ಇರಬೇಕಾದದ್ದು:

- ತೊಂದರೆ ಏನು, ಯಾವಾಗ ಗೊತ್ತಾಯಿತು
- ಎಲ್ಲಿಗೆ ಕಳುಹಿಸಲಾಯಿತು, ಮನೆಯವರು ಹೋದರೇ
- ಹೋಗದಿದ್ದರೆ ಕಾರಣ: ಕೂಲಿ, ದೂರ, ಭಾಷೆ, ಹೆದರಿಕೆ
- ವೈದ್ಯರು ಹೇಳಿದ್ದು, ಮುಂದಿನ ಭೇಟಿಯ ದಿನ
- ತರಗತಿಯಲ್ಲಿ ಮಾಡಬೇಕಾದ ಬದಲಾವಣೆ

ಚೀಟಿ ಕೊಟ್ಟ ಎರಡು ವಾರದೊಳಗೆ ಹೊಣೆಗಾರ ಶಿಕ್ಷಕರು ಮನೆಯವರನ್ನು ಒಮ್ಮೆ ಕೇಳಬೇಕು. ಹೋಗಿಲ್ಲವೆಂದಾದರೆ ಬಡಾವಣೆಯ ಆಶಾ ಅಥವಾ ಎ.ಎನ್.ಎಂ. ಅವರಿಗೆ ತಿಳಿಸಬೇಕು. ಆಂಧ್ರದಲ್ಲಿ 2019ರಲ್ಲಿ ಆರಂಭವಾದ ಗ್ರಾಮ ಮತ್ತು ವಾರ್ಡ್ ಸಚಿವಾಲಯಗಳಲ್ಲೂ ಆರೋಗ್ಯ ಮತ್ತು ಶಿಕ್ಷಣಕ್ಕೆ ಸಿಬ್ಬಂದಿ ಇದ್ದಾರೆ. ತಿಂಗಳಿಗೊಮ್ಮೆ ಮುಖ್ಯ ಶಿಕ್ಷಕರು, ಎ.ಎನ್.ಎಂ. ಮತ್ತು ಸಂಪನ್ಮೂಲ ಶಿಕ್ಷಕರು ಅರ್ಧ ಗಂಟೆ ಕೂತು ಈ ಪುಟಗಳನ್ನು ನೋಡಿದರೆ, ಮುಂದೆ ಸಾಗದ ಪ್ರಕರಣಗಳು ಕಣ್ಣಿಗೆ ಬೀಳುತ್ತವೆ.

ಭಾಷೆಯ ತೊಡಕೋ, ಕಿವಿಯ ತೊಂದರೆಯೋ?

ಬೇರೆ ಭಾಷೆಯ ಮಗುವಿನಲ್ಲಿ ಈ ಎರಡೂ ಒಂದೇ ರೀತಿ ಕಾಣಬಹುದು. ಮನೆಯಲ್ಲಿ ಕನ್ನಡದಲ್ಲಿ ಹಿಂದಿನಿಂದ ಮೆಲ್ಲಗೆ ಕರೆದರೂ ಓಗೊಡದಿದ್ದರೆ, ಟಿವಿಯ ಧ್ವನಿ ಹೆಚ್ಚಿಸಿಕೊಳ್ಳುತ್ತಿದ್ದರೆ, ಮಾತನಾಡುವವರ ತುಟಿಯನ್ನೇ ನೋಡುತ್ತಿದ್ದರೆ, ಕಿವಿ ಸೋರುತ್ತಿದ್ದರೆ ಭಾಷೆಯನ್ನು ದೂರಬೇಡಿ. ಕಿವಿಯ ವೈದ್ಯರಿಗೆ ತೋರಿಸಿ. ಯಂತ್ರದ ಶಬ್ದ ಕೇಳಿಸಿ ಮಾಡುವ ಶ್ರವಣ ಪರೀಕ್ಷೆಗೆ ಭಾಷೆ ಅಡ್ಡಿಯಾಗದು. ಮಾತು ಮತ್ತು ಕಲಿಕೆಯ ಪರೀಕ್ಷೆ ಮಾತ್ರ ಮನೆಮಾತಿನಲ್ಲೇ ನಡೆಯಬೇಕು. ಇಲ್ಲದಿದ್ದರೆ ಬುದ್ಧಿವಂತ ಮಗುವಿಗೂ ಹಿಂದುಳಿದ ಹಣೆಪಟ್ಟಿ ಬೀಳುತ್ತದೆ. ಕರ್ನಾಟಕದಲ್ಲಿರುವವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆಗಳನ್ನು ಮಾಡಿಸಬಹುದು.

ಸೋರುವ ಕಿವಿಗೆ ಎಣ್ಣೆ ಬಿಡಬೇಡಿ, ಕಡ್ಡಿ ಹಾಕಬೇಡಿ, ಸ್ನಾನದಲ್ಲಿ ನೀರು ಹೋಗದಂತೆ ನೋಡಿಕೊಳ್ಳಿ. ಕಿವಿಯ ಹಿಂದೆ ಊತ, ತೀವ್ರ ಜ್ವರ, ತಲೆಸುತ್ತು, ಮುಖ ಒಂದು ಕಡೆ ವಾಲುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಚಿಕಿತ್ಸೆ ನಡೆಯುವಾಗ ಮಗುವನ್ನು ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಿ, ಮುಖ ಕಾಣುವಂತೆ ನಿಂತು ಪಾಠ ಮಾಡಿದರೆ ಬಹಳ ಅನುಕೂಲ.

ಊರು ಬದಲಾದಾಗ

ಕೆಲಸ ಮುಗಿದು ಕುಟುಂಬ ವಿಶಾಖಪಟ್ಟಣದಿಂದ ವಿಜಯವಾಡಕ್ಕೋ ರಾಯಚೂರಿಗೋ ಹೋದರೆ ಮಗುವಿನ ಚಿಕಿತ್ಸೆ ಅರ್ಧಕ್ಕೆ ನಿಲ್ಲಬಾರದು. ವರ್ಗಾವಣೆ ಪತ್ರದ ಜೊತೆ ಆ ಒಂದು ಪುಟದ ಪ್ರತಿಯನ್ನೂ ಕೇಳಿ ಪಡೆಯಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಅಂಗವಿಕಲರ ಯು.ಡಿ.ಐ.ಡಿ. ಕಾರ್ಡ್ ದೇಶದೆಲ್ಲೆಡೆ ಮಾನ್ಯ. ಆಯುಷ್ಮಾನ್ ಭಾರತ ಪ್ರಧಾನಮಂತ್ರಿ ಜನಾರೋಗ್ಯ ಯೋಜನೆಯ ಕಾರ್ಡ್ ಇದ್ದರೆ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಬಳಸಬಹುದು.

ಮಗುವಿನ ಮರ್ಯಾದೆ

ಕಾಯಿಲೆ, ಮನೆಯ ಕಷ್ಟ, ಜಾತಿ, ಎಚ್.ಐ.ವಿ. ಸ್ಥಿತಿ ಮುಂತಾದ ವಿವರಗಳನ್ನು ತರಗತಿಯಲ್ಲಿ ಓದಬಾರದು, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು. ತಿಳಿದಿರಲೇಬೇಕಾದವರಿಗೆ ಮಾತ್ರ ಹೇಳಬೇಕು. ಒಂದು ವಿನಾಯಿತಿ ಇದೆ: ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವ ಶಂಕೆ ಬಂದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯಡಿ ಕಡ್ಡಾಯ. ಶಾಲೆಯೊಳಗೇ ಬಗೆಹರಿಸಲು ಹೋಗಬಾರದು.

ಪಾಲಕರು ನೆನಪಿಡಬೇಕಾದದ್ದು

- ಚೀಟಿ ಓದಲು ಬಾರದಿದ್ದರೆ ಶಿಕ್ಷಕರನ್ನು ಕೇಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ.
- 'ನನ್ನ ಮಗುವಿನ ವಿಷಯಕ್ಕೆ ಶಾಲೆಯಲ್ಲಿ ಯಾರನ್ನು ನೋಡಬೇಕು?' ಎಂದು ಕೇಳಿ ಒಂದು ಹೆಸರು ಪಡೆಯಿರಿ.
- ಚೀಟಿ, ವರದಿಗಳ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ.
- ಖಾಸಗಿ ಶಾಲೆಯ ಮಕ್ಕಳನ್ನು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತೋರಿಸಬಹುದು.
- ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098. ಮನಸ್ಸಿನ ತೊಂದರೆಗೆ ಟೆಲಿ-ಮಾನಸ್ 14416, ಕನ್ನಡದಲ್ಲೂ ಮಾತನಾಡಬಹುದು. ತುರ್ತು ಆಂಬುಲೆನ್ಸ್‌ಗೆ 108.

ಆ ಎಂಟು ವರ್ಷದ ಹುಡುಗಿಗೆ ಬೇಕಾದ ವೈದ್ಯರು, ಔಷಧ, ಶಿಕ್ಷಕರು ಎಲ್ಲರೂ ಅದೇ ಊರಿನಲ್ಲಿದ್ದಾರೆ. ಚೀಲದಲ್ಲಿ ಉಳಿದ ಚೀಟಿಯ ಬಗ್ಗೆ ಎರಡು ವಾರದ ನಂತರ ಯಾರಾದರೂ ಒಬ್ಬರು ಕೇಳಬೇಕು, ಅಷ್ಟೇ.