ಎಲೆಗೊಂದು ಕಾನೂನು, ಹೂವಿಗೊಂದು

ಪಾಡೇರು, ಚಿಂತಪಲ್ಲಿ, ಜಿ. ಮಾಡುಗುಲ, ಪೆದಬಯಲು. ವಿಶಾಖಪಟ್ಟಣದ ‘ಏಜೆನ್ಸಿ’ ಎನ್ನುವ ಈ ಗಿರಿಜನ ಪ್ರದೇಶ 2022ರ ಏಪ್ರಿಲ್‌ನಿಂದ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯಲ್ಲಿದೆ. ಇಲ್ಲಿ ಬೆಳೆಯುವ ‘ಶೀಲಾವತಿ’ ಗಾಂಜಾ ಘಟ್ಟ ಇಳಿದು, ವಿಜಯವಾಡದ ಹೆದ್ದಾರಿ ಹಿಡಿದು ಹೈದರಾಬಾದು, ಬೆಂಗಳೂರು, ಚೆನ್ನೈ ಮುಟ್ಟುತ್ತದೆ. ಉತ್ತರದ ರಾಜ್ಯಗಳು ಇದೇ ಗಿಡದ ನಾರು, ಬೀಜಗಳಿಗೆ ಪರವಾನಗಿ ಕೊಡಲು ಹೊರಟಿರುವಾಗ ಆಂಧ್ರ ಬೆಳೆಯನ್ನು ಬುಡಸಮೇತ ಕೀಳಿಸುತ್ತಿದೆ.

ಹಿಂದೆ ಹೀಗಿರಲಿಲ್ಲ. 1893–94ರಲ್ಲಿ ಬ್ರಿಟಿಷ್ ಸರ್ಕಾರ ಗಾಂಜಾ ಕುರಿತು ನೇಮಿಸಿದ ಆಯೋಗ ಸಂಪೂರ್ಣ ನಿಷೇಧ ಬೇಡ, ಪರವಾನಗಿ ಮತ್ತು ತೆರಿಗೆಯ ಮೂಲಕ ಹಿಡಿತ ಸಾಕು ಎಂದಿತ್ತು. ವಿಜಯವಾಡ ಇದ್ದ ಅಂದಿನ ಕೃಷ್ಣಾ ಜಿಲ್ಲೆಯಲ್ಲೂ ಆಗ ಗಾಂಜಾ ಬೆಳೆಯುತ್ತಿದ್ದರು. ಮಾದಕವಸ್ತು ಕುರಿತ 1961ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದರ ಫಲ 1985ರ ಎನ್‌ಡಿಪಿಎಸ್ ಕಾಯ್ದೆ. ಅದು ಗಿಡವನ್ನೇ ಸೀಳಿತು: ಹೂಬಿಟ್ಟ, ಕಾಯಿಕಟ್ಟಿದ ತುದಿ ಗಾಂಜಾ, ಅಪರಾಧ; ತುದಿಯಿಂದ ಬೇರೆಯಾದ ಎಲೆ, ಬೀಜ ಅದರ ವ್ಯಾಪ್ತಿಯ ಹೊರಗೆ. ಎಲೆಯಿಂದ ಮಾಡುವ ಭಂಗಿಯನ್ನು ರಾಜ್ಯಗಳ ಅಬಕಾರಿ ಕಾನೂನಿಗೆ ಬಿಟ್ಟದ್ದು ಹೀಗೆ. ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ನಿಯಂತ್ರಿತ ಬೇಸಾಯಕ್ಕೆ ಅನುಮತಿ ಕೊಡುವ ಅಧಿಕಾರವೂ ರಾಜ್ಯಗಳಿಗಿದೆ.

2001ರ ತಿದ್ದುಪಡಿ ತೂಕದ ಲೆಕ್ಕ ತಂದಿತು. ಗಾಂಜಾ 20 ಕಿಲೊ ದಾಟಿದರೆ ಕನಿಷ್ಠ 10 ವರ್ಷ ಸಜೆ; ಜಾಮೀನು ಬಹುತೇಕ ಕನಸು. ಆದರೆ ಜಪ್ತಿಯಾದ ಮೂಟೆಯಲ್ಲಿ ಎಲೆ, ಕಾಂಡ, ತುದಿ ಎಲ್ಲ ಬೆರೆತಿರುತ್ತವೆ. ಹಾಗೇ ತಕ್ಕಡಿಗಿಟ್ಟರೆ 22 ಕಿಲೊ ತೂಗುವುದು, ಎಲೆ ಬಿಡಿಸಿದರೆ 20ರ ಒಳಗೆ ಬರಬಹುದು. ಎರಡು ಕಿಲೊ ಎಲೆಯ ಮೇಲೆ ಒಬ್ಬನ ಯೌವನ ನಿಂತಿರುತ್ತದೆ. ಕೋರ್ಟುಗಳಲ್ಲಿ ಈ ವಾದ ಮತ್ತೆ ಮತ್ತೆ ಏಳುವುದು ಸುಮ್ಮನೆ ಅಲ್ಲ. ಆ ಮೂಟೆ ಹೊತ್ತವನು ಹೆಚ್ಚಾಗಿ ಕೂಲಿಗೆ ಬಂದ ಹುಡುಗ. ಬಂಡವಾಳ ಹಾಕಿದವನು ದೂರದ ಪಟ್ಟಣದಲ್ಲಿರುತ್ತಾನೆ.

ಆಂಧ್ರದ್ದೇ ಕಾನೂನು ಎಂದರೆ ಮುಂಜಾಗ್ರತಾ ಬಂಧನದ 1986ರ ಪಿಡಿ ಆಕ್ಟ್. ಮಾದಕವಸ್ತು ಅಪರಾಧಿಗಳನ್ನು ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಲು ಅದು ಅವಕಾಶ ಕೊಡುತ್ತದೆ. 2020ರಲ್ಲಿ ವಿಶೇಷ ಜಾರಿ ದಳ ಬಂತು, 2021ರ ಕೊನೆಗೆ ‘ಆಪರೇಷನ್ ಪರಿವರ್ತನ’ದಲ್ಲಿ ಸಾವಿರಾರು ಎಕರೆ ಬೆಳೆ ಕಿತ್ತರು, 2022ರ ಫೆಬ್ರುವರಿಯಲ್ಲಿ ಅನಕಾಪಲ್ಲಿ ಬಳಿಯ ಕೋಡೂರಿನಲ್ಲಿ ಸುಮಾರು 2 ಲಕ್ಷ ಕಿಲೊ ಗಾಂಜಾ ಸುಟ್ಟರು. 2024ರಲ್ಲಿ ಸರ್ಕಾರ ಬದಲಾಗಿ ಮಾದಕವಸ್ತು ತಡೆಯ ‘ಈಗಲ್’ ದಳ ಹುಟ್ಟಿತು. ಬೆಳೆಗಾರನಿಗೆ ಬದಲಿಯಾಗಿ ಕಾಫಿ, ಮೆಣಸಿನ ಸಸಿ ಹಂಚಿದ್ದು ಸರಿಯಾದ ದಾರಿಯೇ. ಆದರೆ ಕಾಫಿ ಫಸಲಿಗೆ ಮೂರು–ನಾಲ್ಕು ವರ್ಷ ಕಾಯಬೇಕೆಂಬುದು ಕೊಡಗು, ಚಿಕ್ಕಮಗಳೂರಿನವರಿಗೆ ಹೇಳಬೇಕಾಗಿಲ್ಲ. ಗಾಂಜಾ ಕೆಲವೇ ತಿಂಗಳಲ್ಲಿ ದುಡ್ಡು ತರುತ್ತದೆ. ಆ ನಡುವಿನ ವರ್ಷಗಳ ಅನ್ನ ಎಲ್ಲಿಂದ ಎಂಬ ಪ್ರಶ್ನೆಗೆ ದಳಗಳ ಬಳಿ ಉತ್ತರವಿರುವುದಿಲ್ಲ.

ಇತ್ತ ಉತ್ಪನ್ನಗಳ ಬಾಗಿಲು ತೆರೆಯುತ್ತ ಬಂದಿದೆ. 2018ರಲ್ಲಿ ಉತ್ತರಾಖಂಡ, ಮತ್ತೇರಿಸುವ ಅಂಶವಾದ ಟಿಎಚ್‌ಸಿ ಶೇ 0.3ರ ಮಿತಿಯೊಳಗೆ ಕೈಗಾರಿಕಾ ಬೇಸಾಯಕ್ಕೆ ಪರವಾನಗಿ ಕೊಟ್ಟಿತು. 2021ರ ನವೆಂಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಬೀಜ, ಬೀಜದೆಣ್ಣೆ, ಹಿಟ್ಟನ್ನು ಆಹಾರವೆಂದು ಒಪ್ಪಿತು. ಹಿಮಾಚಲದ ವಿಧಾನಸಭೆ 2024ರಲ್ಲಿ ಗಾಂಜಾ ಬೇಸಾಯ ಕುರಿತ ಸಮಿತಿ ವರದಿಗೆ ಒಪ್ಪಿಗೆ ಕೊಟ್ಟಿತು. ನಮ್ಮ ಕರ್ನಾಟಕ ಹೈಕೋರ್ಟ್ 2022ರಲ್ಲಿ ಒಂದು ಜಾಮೀನು ಆದೇಶದಲ್ಲಿ, ಭಂಗಿ ಎನ್‌ಡಿಪಿಎಸ್‌ನಡಿ ನಿಷೇಧಿತವಲ್ಲ ಎಂದಿತು. ಮರುವರ್ಷ ಮಂಗಳೂರಿನಲ್ಲಿ ಪೊಲೀಸರು ಭಂಗಿ ಬೆರೆಸಿದ ಚಾಕೊಲೇಟುಗಳನ್ನು ನೂರು ಕಿಲೊಗೂ ಹೆಚ್ಚು ಜಪ್ತಿ ಮಾಡಿದರು. ಗೂಡಂಗಡಿಯಲ್ಲಿ ಮಕ್ಕಳ ಕೈಗೆಟಕುವ ಇಂಥ ಮಿಠಾಯಿಯೇ ನನ್ನನ್ನು ಹೆಚ್ಚು ಕಂಗೆಡಿಸುವುದು. ಹೊರದೇಶದಲ್ಲೂ ಇದೇ ಹೊಯ್ದಾಟ: 2022ರಲ್ಲಿ ಸಡಿಲಿಸಿದ ಥಾಯ್ಲೆಂಡ್ 2025ರಲ್ಲಿ ಮತ್ತೆ ವೈದ್ಯರ ಚೀಟಿ ಕಡ್ಡಾಯ ಮಾಡಿತು.

ಕಾನೂನುಬದ್ಧಗೊಳಿಸಿ ಎನ್ನುವವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಶೇ 0.3 ಕಣ್ಣಿಗೆ ಕಾಣುವ ಗೆರೆಯಲ್ಲ. ಪಾಡೇರಿನ ಇಳಿಜಾರಿನಲ್ಲಿ ಶೀಲಾವತಿಯ ಪಕ್ಕದಲ್ಲೇ ನಾರಿನ ತಳಿ ಹಾಕಿದರೆ ಪರಾಗ ಬೆರೆಯುತ್ತದೆ, ಮುಂದಿನ ಬೀಜದ ಬಲ ಏರುಪೇರಾಗುತ್ತದೆ. ಹತ್ತಿರದಲ್ಲೇ ಪ್ರಯೋಗಾಲಯವಿಲ್ಲದಿದ್ದರೆ ಪರವಾನಗಿ ಪಡೆದ ರೈತನೇ ಆರೋಪಿಯಾಗುತ್ತಾನೆ. ಭೂಮಿಯದು ಇನ್ನೊಂದು ಆತಂಕ. ಗಿರಿಜನರ ಜಮೀನು ಗಿರಿಜನೇತರರ ಪಾಲಾಗದಂತೆ ‘1/70’ ನಿಯಮ ತಡೆಯುತ್ತದೆ, ಸುಪ್ರೀಂ ಕೋರ್ಟಿನ 1997ರ ಸಮತಾ ತೀರ್ಪು ಅದಕ್ಕೆ ಬಲ ಕೊಟ್ಟಿತು. ಗುತ್ತಿಗೆ ಬೇಸಾಯದ ಹೆಸರಲ್ಲಿ ಹೊರಗಿನ ಕಂಪನಿಗಳು ಈ ಬೇಲಿ ಹಾರಬಾರದು. ಆಂಧ್ರ ಎಂದಾದರೂ 10ನೇ ಸೆಕ್ಷನ್ನಿನ ಅಧಿಕಾರ ಬಳಸುವುದಾದರೆ ಪರವಾನಗಿ ಗಿರಿಜನ ಬೆಳೆಗಾರನ ಹೆಸರಿನಲ್ಲೇ ಇರಬೇಕು. ಈಗ ಕಾಫಿ ಕೊಳ್ಳುವ ವಿಶಾಖಪಟ್ಟಣದ ಗಿರಿಜನ ಸಹಕಾರ ನಿಗಮವೇ ಆ ಬೆಳೆಯನ್ನೂ ಪರೀಕ್ಷಿಸಿ ಕೊಳ್ಳಬೇಕು.