ಒಣಗುವ ಮೊದಲೇ ಮಗುಚಿದ ಪುಟಗಳು

1834ರ ಅಕ್ಟೋಬರ್ 16ರ ಸಂಜೆ ಲಂಡನ್ನಿನ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಹಿಂದಿನ ಕಾಲದಲ್ಲಿ ಅಲ್ಲಿನ ಖಜಾನೆಯವರು ಮರದ ಕಡ್ಡಿಗಳ ಮೇಲೆ ಗೀರು ಹಾಕಿ ಲೆಕ್ಕ ಇಡುತ್ತಿದ್ದರು. ಬಳಕೆ ತಪ್ಪಿದ ಆ ಹಳೇ ಕಡ್ಡಿಗಳನ್ನು ಭವನದ ಕೆಳಗಿದ್ದ ಒಲೆಗಳಿಗೆ ದಿನವಿಡೀ ತುರುಕಿದರು. ಕತ್ತಲಾಗುವಷ್ಟರಲ್ಲಿ ಭವನವೇ ಹೊತ್ತಿ ಉರಿಯಿತು.

ಥೇಮ್ಸ್ ನದಿಯ ದಡದಲ್ಲಿ ಜಾತ್ರೆಯಂತೆ ಜನ ಸೇರಿದರು. ಅವರಲ್ಲಿ ಚಿತ್ರಕಾರ ಟರ್ನರ್ ಕೂಡ ಇದ್ದರು. ಕ್ಷೌರಿಕರೊಬ್ಬರ ಮಗ, ಆಗ 59ರ ವಯಸ್ಸು. ಆ ರಾತ್ರಿ ಕಂಡದ್ದನ್ನು ಅವರು ಮುಂದೆ ಎರಡು ದೊಡ್ಡ ತೈಲಚಿತ್ರಗಳಾಗಿ ಬರೆದು 1835ರಲ್ಲಿ ಪ್ರದರ್ಶಿಸಿದರು.

ಟರ್ನರ್ 1851ರಲ್ಲಿ ತೀರಿಕೊಂಡ ಮೇಲೆ ಅವರ ಸಾವಿರಾರು ಚಿತ್ರಗಳು ದೇಶದ ಸೊತ್ತಾದವು. ಅವುಗಳಲ್ಲಿ ಒಂದು ಪುಸ್ತಕದ ಹಾಳೆಗಳ ಮೇಲೆ ಬರೆದ 9 ಜಲವರ್ಣ ಚಿತ್ರಗಳಿವೆ. ರಾತ್ರಿಯ ಆಕಾಶ, ಉರಿ, ಹೊಗೆ, ಕೆಳಗೆ ಕಪ್ಪು ಕಪ್ಪಾಗಿ ಜನ. ಕೆಲವು ಹಾಳೆಗಳ ಹಿಂಬದಿಗೆ ಇನ್ನೊಂದು ಚಿತ್ರದ ಬಣ್ಣ ಅಂಟಿದೆ. ಅಂದರೆ ಬಣ್ಣ ಒಣಗುವ ಮೊದಲೇ ಪುಟ ಮಗುಚಿ ಮುಂದಿನದಕ್ಕೆ ಕೈ ಹಾಕಿದ್ದಾರೆ. ಅಷ್ಟು ಅವಸರ.

ರಾತ್ರಿ ಬಯಲಲ್ಲಿ ನಿಂತು ಜಲವರ್ಣದಲ್ಲಿ ಬರೆಯುವುದು ಸುಲಭವಲ್ಲ. ದೀಪದ ಹಳದಿ ಬೆಳಕಿನಲ್ಲಿ ಹಳದಿ ಬಣ್ಣ ಬಿಳಿಯಂತೆ ಕಾಣುತ್ತದೆ, ನೀಲಿ ಕಪ್ಪಾಗಿ ಕಾಣುತ್ತದೆ. ಇಬ್ಬನಿ ಇದ್ದರೆ ಕಾಗದ ಬೇಗ ಒಣಗುವುದಿಲ್ಲ, ಬಣ್ಣಗಳು ಒಂದಕ್ಕೊಂದು ಹರಿದು ಸೇರುತ್ತವೆ. ತೈಲವರ್ಣದಲ್ಲಿ ಕಪ್ಪಿನ ಮೇಲೆ ಬೆಳಕನ್ನು ಬಳಿಯಬಹುದು. ಜಲವರ್ಣದಲ್ಲಿ ಬೆಳಕೆಂದರೆ ಕಾಗದದ ಬಿಳುಪೇ. ಎಲ್ಲಿ ಉರಿ, ಎಲ್ಲಿ ದೀಪ ಎಂದು ಮೊದಲೇ ನಿರ್ಧರಿಸಿ ಆ ಜಾಗ ಬಿಟ್ಟುಕೊಂಡು ಸುತ್ತ ಕತ್ತಲನ್ನು ತುಂಬಬೇಕು.

ಅದಕ್ಕೇ ಈ 9 ಚಿತ್ರಗಳ ಬಗ್ಗೆ ತಜ್ಞರಲ್ಲಿ ಚರ್ಚೆ ನಡೆದಿದೆ. ಸ್ಥಳದಲ್ಲೇ ಬರೆದದ್ದು ಎಂದು ಕೆಲವರು, ಮನೆಗೆ ಬಂದ ಕೂಡಲೇ ನೆನಪಿನಿಂದ ಬರೆದದ್ದು ಎಂದು ಕೆಲವರು.

ಆದರೆ ಇದಕ್ಕಿಂತ ದೊಡ್ಡ ತಿರುವು ಬೇರೆ ಇದೆ. ಇವು ಸಂಸತ್ ಭವನದ ಬೆಂಕಿ ಎಂದೇ ದಶಕಗಟ್ಟಲೆ ಎಲ್ಲರೂ ನಂಬಿದ್ದರು. ಪಟ್ಟಿಯಲ್ಲೂ ಹಾಗೇ ಬರೆದಿದ್ದರು. ಮುಂದೆ ಲಂಡನ್ನಿನ ಟೇಟ್ ಸಂಗ್ರಹಾಲಯದವರು ಚಿತ್ರಗಳನ್ನು ಮತ್ತೆ ಪರಿಶೀಲಿಸಿದರು. ಕಟ್ಟಡದ ಆಕಾರ ಸಂಸತ್ ಭವನದ್ದಲ್ಲ, 'ಟವರ್ ಆಫ್ ಲಂಡನ್' ಕೋಟೆಯದು ಎಂಬ ತೀರ್ಮಾನಕ್ಕೆ ಬಂದರು. ಆ ಕೋಟೆಯ ದೊಡ್ಡ ಶಸ್ತ್ರಾಗಾರ ಸುಟ್ಟದ್ದು 1841ರ ಅಕ್ಟೋಬರ್ 30ರ ರಾತ್ರಿ. ಅಂದರೆ ಊರು ಅದೇ, ಬೆಂಕಿ ಬೇರೆ, ನಡುವೆ 7 ವರ್ಷ!

ಅಷ್ಟು ದೊಡ್ಡ ಕಲಾವಿದ, ಅಷ್ಟು ದೊಡ್ಡ ಸಂಗ್ರಹಾಲಯ. ಆದರೂ ಇಷ್ಟು ಗೊಂದಲ ಆದದ್ದೇಕೆ? ಆ ಹಾಳೆಗಳ ಮೇಲೆ ಇದು ಎಲ್ಲಿ, ಯಾವತ್ತು ಎಂಬ ಒಂದು ಸಾಲು ಇರಲಿಲ್ಲ.

ನಮ್ಮ ಮನೆಗಳಲ್ಲೂ ಹಳೇ ಫೋಟೊಗಳಿವೆ. ತೇರಿನದು, ಕೆರೆ ಕೋಡಿ ಬಿದ್ದದ್ದು, ಈಗಿಲ್ಲದ ಶಾಲೆಯದು. ಯಾರು, ಎಲ್ಲಿ, ಯಾವ ವರ್ಷ ಎಂದು ಅಜ್ಜಿಗೆ ಗೊತ್ತಿರುತ್ತದೆ. ಇವತ್ತೇ ಕೇಳಿ, ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿಡಿ.