ಕೂಸು ಹುಟ್ಟುವ ಮೊದಲು

'ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದರು' ಎಂಬ ಗಾದೆಯನ್ನು ನಾನು ಪ್ರತಿವರ್ಷ ಹಲಗೆಯ ಮೇಲೆ ಬರೆಯುತ್ತೇನೆ. ಮಕ್ಕಳು ಕಿಸಕ್ಕೆಂದು ನಗುತ್ತಾರೆ. ಅವಸರಗೇಡಿಗಳನ್ನು ಕುರಿತು ಹೇಳಿದ ಮಾತು ಎಂದು ಅರ್ಥ ಬರೆಸಿ ಮುಂದಿನ ಗಾದೆಗೆ ಹೋಗುತ್ತೇನೆ. ಇಷ್ಟು ವರ್ಷ ಅದಕ್ಕಿಂತ ಹೆಚ್ಚಿಗೆ ಏನೂ ಹೇಳಿರಲಿಲ್ಲ.

ಕಳೆದ ತಿಂಗಳು ಪುಣೆಯಿಂದ ಮಗಳು ಫೋನಿನಲ್ಲಿ ಒಂದು ಕೋಣೆ ತೋರಿಸಿದಳು. ಅವಳಿಗೀಗ ಏಳು ತಿಂಗಳು. ಗೋಡೆಗೆ ತಿಳಿಹಳದಿ ಬಣ್ಣ, ಅದರ ಮೇಲೆ ಬಿಳಿ ಮೋಡಗಳು, ಸುತ್ತ ಕಟಕಟೆಯಿರುವ ಪುಟ್ಟ ಮಂಚ, ತಲೆಯ ಮೇಲೆ ತಿರುಗುವ ಆನೆ ಗೊಂಬೆಗಳು, ಮಂಚದ ಮೇಲ್ಗಡೆ ಗೋಡೆಗೆ ಒಂದು ಹಲಗೆ, ಅದರ ತುಂಬ ಸಾಮಾನು. "ಹೆಂಗದ ಅವ್ವಾ?" ಅಂದಳು. ಚಂದ ಅದ ಅಂದೆ. ಫೋನು ಇಟ್ಟ ಮೇಲೆ ಎದೆ ಡವಡವ ಅನ್ನತೊಡಗಿತು. ಬಿ.ಎ., ಬಿ.ಎಡ್. ಮಾಡಿದ್ದೇನೆ, ಶಕುನ ಅಪಶಕುನ ನಂಬಬೇಡಿ ಎಂದು ಮಕ್ಕಳಿಗೆ ಹೇಳಿ ಸಂಬಳ ತಿಂದಿದ್ದೇನೆ. ಆದರೂ ಡವಡವ ನಿಲ್ಲಲಿಲ್ಲ.

ಮನೆ ಸಿಂಗರಿಸುವುದು ನಮ್ಮ ಕಡೆಗೆ ಹೊಸದೇನಲ್ಲ. ನೌಬಾದದಿಂದ ಆಟೋ ಹತ್ತಿದರೆ ಬೀದರ ಕೋಟೆ; ಅಲ್ಲಿಯ ರಂಗೀನ ಮಹಲನ್ನು ನೀವೂ ನೋಡಿರಬಹುದು. 1542ರಿಂದ 1580ರವರೆಗೆ ಆಳಿದ ಅಲಿ ಬರೀದಶಹಾ ಅದಕ್ಕೆ ಮರದ ಕೆತ್ತನೆಯ ಕಂಬ ನಿಲ್ಲಿಸಿದ, ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂಡಿಸಿ ಹೂಬಳ್ಳಿ ಬಿಡಿಸಿದ. ನಾಲ್ಕು ನೂರು ವರ್ಷಗಳ ಮೇಲಾದರೂ ಆ ಚಿಪ್ಪು ಇನ್ನೂ ಮಿನುಗುತ್ತದೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನನಗೊಂದು ಹುಡುಕಾಟ: ಇಲ್ಲಿಯ ಹೆಂಗಸರು ಹಡೆಯುತ್ತಿದ್ದ ಕೋಣೆ ಯಾವುದು? ಅರಸು ಕುಳಿತ ಜಾಗ, ನಿಂತ ಜಾಗ, ಸ್ನಾನ ಮಾಡಿದ ಜಾಗ ಎಲ್ಲ ತೋರಿಸುತ್ತಾರೆ. ಇದೊಂದನ್ನು ಯಾರೂ ತೋರಿಸುವುದಿಲ್ಲ.

ಬಡವರ ಮನೆಯಲ್ಲಾದರೆ ಹುಡುಕಬೇಕಾಗಿರಲಿಲ್ಲ. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಎಲ್ಲಕ್ಕಿಂತ ಒಳಗಿನ, ಎಲ್ಲಕ್ಕಿಂತ ಕತ್ತಲೆಯ ಕೋಣೆಯೇ ಬಾಣಂತಿ ಕೋಣೆ. ಅದನ್ನು ಸಿದ್ಧಮಾಡುವುದೆಂದರೆ ಸಾಮಾನು ತುಂಬುವುದಲ್ಲ, ಖಾಲಿ ಮಾಡುವುದು. ಜೋಳದ ಚೀಲ ಪಡಸಾಲೆಗೆ ಬರುತ್ತಿದ್ದವು. ನೆಲಕ್ಕೆ ಸೆಗಣಿ ಸಾರಿಸಿ, ಗೋಡೆಗೆ ಸುಣ್ಣ ಬಳಿದು, ಒಂದು ಹೊರಸು ಹಾಕಿದರೆ ಮುಗಿಯಿತು. ಹೊರಸಿನ ಕೆಳಗೆ ಕಾಸಲು ಅಗ್ಗಿಷ್ಟಿಕೆ, ಬಾಗಿಲ ಮರೆಗೆ ಕುಳ್ಳಿನ ರಾಶಿ. ಐದನೆಯ ದಿನದ ರಾತ್ರಿ ಸಟವಿ ಹಣೆಬರಹ ಬರೆಯಲು ಬರುತ್ತಾಳೆಂದು ಹಾಳೆ, ಲೇಖನಿ ಇಡುತ್ತಿದ್ದರು. ಅಕ್ಷರ ಬಾರದ ಮನೆಗಳಲ್ಲಿಯೂ ಅಂದು ಲೇಖನಿ ಬರುತ್ತಿತ್ತು ಎನ್ನುವುದು ನನ್ನಂಥ ಟೀಚರಳಿಗೆ ಸೋಜಿಗ. ನಮ್ಮದೇ ಜಿಲ್ಲೆಯ ಬಸವಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಶರಣರು ಜನನಕ್ಕೆ ಸೂತಕವಿಲ್ಲ ಎಂದು ಹೇಳಿಬಿಟ್ಟರು. ಮಾತು ಉಳಿಯಿತು, ಕತ್ತಲೆ ಕೋಣೆಯೂ ಉಳಿಯಿತು.

ಕೂಸಿಗೆಂದು ಮಾತ್ರ ಮೊದಲೇ ಏನನ್ನೂ ತರುತ್ತಿರಲಿಲ್ಲ. ಹಳೆಯ ಸೀರೆಯ ತುಂಡು, ಒಂದು ಕೌದಿ, ಅಷ್ಟೇ. ತೊಟ್ಟಿಲು ಬರುತ್ತಿದ್ದುದು ಹೆಸರಿಡುವ ಹೊತ್ತಿಗೆ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲಿಗೆ ನಾಡಿನಲ್ಲೆಲ್ಲ ಹೆಸರು. ಮರಕ್ಕೆ ಅರಗಿನ ಬಣ್ಣ ಕೊಟ್ಟು, ಪಟ್ಟಿಗಳ ಮೇಲೆ ಪುರಾಣದ ಚಿತ್ರ ಬರೆದ ಅಂಥ ತೊಟ್ಟಿಲು ಒಮ್ಮೆ ಮನೆಗೆ ಬಂದರೆ ಮೊಮ್ಮಕ್ಕಳ ಕಾಲಕ್ಕೂ ಕೆಡುವುದಿಲ್ಲ. ಇಲ್ಲದವರು ಜಂತಿಗೆ ಸೀರೆ ಕಟ್ಟಿ ತೂಗುತ್ತಿದ್ದರು. ಆ ನಿದ್ದೆಗೇನೂ ಕಡಿಮೆಯಿರಲಿಲ್ಲ.

1993ರಲ್ಲಿ ನಾನು ಬಸುರಿ. ಮದುವೆಯಾಗಿ ಒಂದೂವರೆ ವರ್ಷ, ನೌಕರಿ ಹೊಸದು. ತವರು ಭಾಲ್ಕಿ ತಾಲೂಕಿನ ಹಳ್ಳಿ. ಹೆರಿಗೆಗೆ ಅಲ್ಲಿಗೆ ಹೋದರೂ ರಜೆ ಮುಗಿದೊಡನೆ ನೌಬಾದಕ್ಕೆ ಬರಲೇಬೇಕು. ಆದ್ದರಿಂದ ಅತ್ತೆಯವರ ಹಳೆಯ ಮನೆಯ ಒಂದು ಕೋಣೆಯನ್ನು ಚಂದ ಮಾಡಬೇಕೆಂದು ಹಟ ಹಿಡಿದೆ. ವಾರಪತ್ರಿಕೆಯಲ್ಲಿ ನೋಡಿದ ಚಿತ್ರ ತಲೆಯಲ್ಲಿತ್ತು. ಸುಣ್ಣಕ್ಕೆ ನೀಲಿ ಬೆರೆಸಿ ಬಳಿಸಿದೆ, ಕಿಟಕಿಗೆ ಹೂವಿನ ಪರದೆ ಹೊಲಿದೆ, ಗೋಡೆಗೆ ಹಲಗೆ ಹೊಡೆಸಿ ಗಾಜಿನ ಬಾಟಲಿ, ರೇಡಿಯೋ, ಹಿತ್ತಾಳೆ ಹೂದಾನಿ ಜೋಡಿಸಿದೆ. ತೊಲೆಯಲ್ಲಿ ಒಂದು ಕಬ್ಬಿಣದ ಬಳೆ ಮೊದಲೇ ಇತ್ತು. ಅಲ್ಲಿಗೇ ತೊಟ್ಟಿಲು ತಂದು ತೂಗುಹಾಕೋಣ ಎಂದೆ. ಎಲ್ಲದಕ್ಕೂ ಸುಮ್ಮನಿದ್ದ ಅತ್ತೆ ಇದಕ್ಕೆ ಮಾತ್ರ, "ತೊಟ್ಟಲಾ ಈಗ ಬ್ಯಾಡವ್ವಾ" ಅಂದರು. ಯಾಕೆ ಅಂದರೆ ಉತ್ತರವಿಲ್ಲ. ಹಳೇ ಕಾಲದವರು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಗಂಡನ ಮುಂದೆ ಬಾಯಿಬಿಟ್ಟೇ ಬೈದೆ, ಸುಳ್ಳೇಕೆ ಹೇಳಲಿ.

ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಸ್ವಲ್ಪ ಮೊದಲು, ನೆಲದೊಳಗಿಂದ ಗಡಗಡ ಸದ್ದು ಬಂತು. ನೌಬಾದದ ಕೆಳಗೆ ಬಹಮನಿ ಕಾಲದ ಸುರಂಗ ಬಾವಿ ಇದೆಯಲ್ಲ, ಅದು ಕುಸಿಯಿತೆಂದು ನಮ್ಮ ಓಣಿಯವರು ತಿಳಿದರು. ಜಂತಿಗಳ ಸಂದಿಯಿಂದ ಮಣ್ಣು ಸುರಿಯಿತು. ಗಂಡ ನನ್ನನ್ನು ಎತ್ತಿಕೊಂಡಂತೆಯೇ ಅಂಗಳಕ್ಕೆ ತಂದ. ಬೆಳಗಾದ ಮೇಲೆ ರೇಡಿಯೋದಲ್ಲಿ ಗೊತ್ತಾಯಿತು: ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪ. ಗಣಪತಿಯನ್ನು ಕಳಿಸಿ ದಣಿದು ಮಲಗಿದ್ದ ಜನ. ಸುಮಾರು 10,000 ಮಂದಿ ಹೋದರು. ಕೊಂದದ್ದು ಮನೆಗಳೇ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಬಿಸಿಲಿಗೆ ತಂಪಿರಲೆಂದು ವರ್ಷವರ್ಷ ಮಣ್ಣು ಏರಿಸಿ ಭಾರ ಮಾಡಿದ ಮಾಳಿಗೆ. ಗೋಡೆ ಬಿಚ್ಚಿಕೊಂಡಿತು, ಮಾಳಿಗೆ ಮಲಗಿದವರ ಮೇಲೆ ಇಳಿಯಿತು. ನಮ್ಮದೂ ತವರಿನದೂ ಅಂಥವೇ ಮನೆ. ನಮ್ಮ ಓಣಿಯಲ್ಲಿ ಗೋಡೆ ಬಿರುಕು ಬಿಟ್ಟವು, ಅಷ್ಟಕ್ಕೇ ಉಳಿದೆವು. ರೇಡಿಯೋ ಪಕ್ಕದ ಮನೆಯದು; ನಮ್ಮದು ನೆಲದ ಮೇಲೆ ಒಡೆದು ಬಿದ್ದಿತ್ತು. ಹಲಗೆ ಕಿತ್ತು ಬಂದಿತ್ತು. ಬಾಟಲಿಯ ಚೂರೆಲ್ಲ ಆ ಕಬ್ಬಿಣದ ಬಳೆಯ ನೇರ ಕೆಳಗೆ.

ವಾರಗಟ್ಟಲೆ ಎಲ್ಲರೂ ಅಂಗಳದಲ್ಲಿ ಮಲಗಿದೆವು. ಒಂದು ರಾತ್ರಿ ನಿದ್ದೆ ಬಾರದೆ ಕುಳಿತಾಗ ಅತ್ತೆ ತಾವಾಗಿಯೇ ಹೇಳಿದರು. ಆ ಬಳೆ ಹೊಡೆಸಿದ್ದು ಅವರ ತಂದೆ. ಚೊಚ್ಚಲ ಬಸುರಿ ಮಗಳಿಗೆ ಎಂಟು ತಿಂಗಳಿದ್ದಾಗಲೇ, ನಾಲ್ಕು ಮಂದಿ ನೋಡಲೆಂದು, ಬಣ್ಣದ ತೊಟ್ಟಿಲು ಗಾಡಿಯಲ್ಲಿ ಹೇರಿ ಕಳಿಸಿದ್ದರು. ಹೆಣ್ಣು ಕೂಸು ಒಂಬತ್ತು ದಿನ ಇತ್ತು. "ಹೆಸರೂ ಇಟ್ಟಿರಲಿಲ್ಲ. ಕೂಸಿನ್ನ ಒಯ್ದರು, ತೊಟ್ಟಲಾ ಅಲ್ಲೇ ನಿಂತಿತ್ತು. ದಿನಾ ಅದರ ಮುಂದ ಹಾದು ಅಡಗಿ ಮನಿಗೆ ಹೋಗ್ತಿದ್ದೆ," ಅಂದರು. ಮೂರು ತಿಂಗಳಾದ ಮೇಲೆ ಮಾವ ಅದನ್ನು ಯಾರಿಗೋ ಕೊಟ್ಟುಬಿಟ್ಟರಂತೆ. ಬಳೆ ಕೀಳಲು ಬರಲಿಲ್ಲ.

ಅಂಕಿ ನೋಡಿದರೆ ಅವರೊಬ್ಬರ ಕಥೆಯಲ್ಲ. 1971ರಲ್ಲಿ ಕೂಡ ನಮ್ಮ ದೇಶದಲ್ಲಿ ಹುಟ್ಟಿದ 1,000 ಕೂಸುಗಳಲ್ಲಿ 129 ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. 2020ರ ಹೊತ್ತಿಗೆ ಅದು 28ಕ್ಕೆ ಇಳಿಯಿತು. ಎಂಟು ಮನೆಗೊಂದು ಖಾಲಿ ತೊಟ್ಟಿಲು ಎಂದು ಲೆಕ್ಕ ಹಾಕಿ ನೋಡಿ. ಆಮೇಲೆ ಆ ಗಾದೆಯನ್ನು ಇನ್ನೊಮ್ಮೆ ಓದಿ. ಸರ್ಕಾರ 2007ರ ಸುಮಾರಿಗೆ ಬಡ ಬಾಣಂತಿಯರಿಗೆಂದು ತಂದ ಮಡಿಲು ಯೋಜನೆಯಲ್ಲಿ ಸೊಳ್ಳೆಪರದೆ, ಹೊದಿಕೆ, ಸೋಪು, ಕೂಸಿನ ಬಟ್ಟೆಯ ಚೀಲ ಕೊಡುತ್ತಿದ್ದರು. ಅದನ್ನು ಕೊಡುತ್ತಿದ್ದುದೂ ಹೆರಿಗೆಯಾದ ಮೇಲೆಯೇ.

ನಮ್ಮವ್ವ ಆ ವರ್ಷ ನನ್ನನ್ನು ತವರಿಗೆ ಕರೆಯಲಿಲ್ಲ. "ಆ ಮಾಳಿಗಿ ಕೆಳಗ ನಿನ್ನ ಹೆಂಗ ಮಲಗಿಸಲಿ" ಎಂದು ಅತ್ತಳು. ಗಂಡ ಮಾಳಿಗೆಯ ಮಣ್ಣು ಇಳಿಸತೊಡಗಿದ. ಬುಟ್ಟಿ ಬುಟ್ಟಿ ಹೊತ್ತರೂ ಮುಗಿಯದು. ಅಂಗಳದಲ್ಲಿ ತಗಡಿನ ಶೆಡ್ಡು ಎದ್ದಿತು. ಡಿಸೆಂಬರಿನಲ್ಲಿ ಬೀದರ ಆಸ್ಪತ್ರೆಯಿಂದ ಮಗಳನ್ನು ಎತ್ತಿಕೊಂಡು ಬಂದದ್ದು ಆ ಶೆಡ್ಡಿಗೆ. ಪರದೆಯಿಲ್ಲ, ನೀಲಿ ಗೋಡೆಯಿಲ್ಲ. ಚಳಿಗೆ ತಗಡು ಕೊರೆಯುತ್ತಿತ್ತು. ಬಿದಿರಿನ ಗಳಕ್ಕೆ ಅತ್ತೆ ತಮ್ಮ ಇಳಕಲ್ ಸೀರೆ ಕಟ್ಟಿದರು, ತಾವೇ ಎರಡೂ ಕೈಯಿಂದ ಜಗ್ಗಿ ನೋಡಿದರು. ಹದಿಮೂರನೆಯ ದಿನ ಬೆಳಿಗ್ಗೆ ಎದ್ದು ಮಗನಿಗೆ, "ಪ್ಯಾಟಿಗೆ ಹೋಗಿ ತೊಟ್ಟಲಾ ತಾ" ಅಂದರು.

ಮೊನ್ನೆ ಪುಣೆಗೆ ಫೋನು ಮಾಡಿ, ಮಂಚದ ಮೇಲಿನ ಹಲಗೆ ತೆಗೆಸು ಎಂದೆ. ಮಗಳು ನಕ್ಕಳು. ಅವಳಿಗೆ ಅಜ್ಜಿಯ ಒಂಬತ್ತು ದಿನದ ಕೂಸಿನ ಮಾತು ನಾನು ಹೇಳಿಲ್ಲ, ಈಗ ಹೇಳುವುದೂ ಇಲ್ಲ. ಹಡೆದ ಮೇಲೆ ನೋಡೋಣ. ಭೂಕಂಪದ್ದು ಮಾತ್ರ ಹೇಳಿದೆ. ಮರುದಿನ ಅಳಿಯಂದಿರು ಫೋಟೋ ಕಳಿಸಿದರು, ಗೋಡೆಯಲ್ಲಿ ನಾಲ್ಕು ತೂತು ಕಾಣುತ್ತಿದ್ದವು. ಮೋಡದ ಚಿತ್ರ ಹಚ್ಚಿ ಮುಚ್ಚುತ್ತೇವೆ ಎಂದರು.

ಅತ್ತೆ ತೀರಿಕೊಂಡು ಆರು ವರ್ಷ. ಅವರ ಎರಡು ಸೀರೆ ಹರಿದು ನಾನು ಕೌದಿ ಹೊಲಿಯುತ್ತಿದ್ದೇನೆ. ಹೊಲಿದದ್ದಾದರೆ ಟ್ರಂಕಿನಲ್ಲಿ ಇಡುತ್ತೇನೆ. ಪುಣೆಗೆ ಈಗಲೇ ಕಳಿಸುವುದಿಲ್ಲ.